ಹತ್ತು ಬೆರಳಿನ ಜಾಮೀನು

ವ್ಯವಹಾರ ಇಷ್ಟು: ತಕ್ಕಡಿಯ ಒಂದು ತಟ್ಟೆಯಲ್ಲಿ ವ್ಯಾಪಾರಿಯ ಹತ್ತು ಬೆರಳು, ಇನ್ನೊಂದು ತಟ್ಟೆಯಲ್ಲಿ ಇಡೀ ಊರಿನ ಉಪ್ಪು.

ಆ ಊರಿಗೆ ವರ್ಷಕ್ಕೊಂದು ಸಲ ಚಿತ್ರ ಬರುತ್ತಿತ್ತು. ಪರದೆಯವಳು ಅದನ್ನು ಸುರುಳಿ ಸುತ್ತಿ ಗಾಡಿಯಲ್ಲಿ ತಂದು, ಊರಾಚೆಯ ಬಯಲಲ್ಲಿ ಕಪ್ಪು ಡೇರೆ ಹೊಡೆದು, ನಡುಮಧ್ಯಾಹ್ನಕ್ಕೆ ತೋರಿಸುತ್ತಿದ್ದಳು. ಡೇರೆಯ ಬಾಗಿಲಿಗೆ ಒಂದು ಅಡ್ಡಗೋಲು. ಯಾರ ಹಣೆ ಆ ಕೋಲಿಗೆ ತಾಗುತ್ತದೋ ಅವರು ಒಳಗೆ. ಯಾರು ತಲೆ ಬಗ್ಗಿಸದೆ ಕೋಲಿನಡಿ ನುಸುಳಬಲ್ಲರೋ ಅವರು ಹೊರಗೆ. ಕೋಲನ್ನು ಯಾವ ಎತ್ತರಕ್ಕೆ ಕಟ್ಟಬೇಕೆಂದು ಹೇಳುವವನು ಜಾಮೀನುದಾರ. ಅವನು ಎಲ್ಲರಿಗಿಂತ ಮೊದಲು, ಒಬ್ಬನೇ ಕೂತು ಚಿತ್ರ ನೋಡಬೇಕು. ನೋಡಿ ಕೋಲು ಕಟ್ಟಿಸಬೇಕು. ಕಟ್ಟಿಸಿದ ಕೋಲಿಗೆ ತನ್ನ ಹತ್ತು ಬೆರಳನ್ನು ಜಾಮೀನು ಇಡಬೇಕು.

ಚಿತ್ರದ ಭಯ ಊರಿನ ಒಂದೇ ಒಂದು ಮಗುವಿನೊಳಗೆ ನಿಂತರೂ ಸರಿ, ಅದು ನಿಂತಷ್ಟು ದಿನ, ಬೆಳಗಾದರೆ ಜಾಮೀನುದಾರನ ಒಂದು ಬೆರಳು ಇರುತ್ತಿರಲಿಲ್ಲ. ರಕ್ತವಿಲ್ಲ, ನೋವಿಲ್ಲ. ನೀರಿಗೆ ಬಿದ್ದ ಬೆಲ್ಲದ ಅಚ್ಚು ಕರಗಿದ ಹಾಗೆ ಕರಗಿ, ಆ ಜಾಗ ಹುಟ್ಟಿನಿಂದಲೇ ಹೀಗಿತ್ತೇನೋ ಅನ್ನುವಷ್ಟು ನುಣ್ಣಗಿರುತ್ತಿತ್ತು. ಈ ಕಟ್ಟಳೆ ಮಾಡಿದವರು ಯಾರು ಎಂದು ಊರಲ್ಲಿ ಯಾರೂ ಕೇಳುತ್ತಿರಲಿಲ್ಲ. ಬಿಸಿಲು ಮಾಡಿದವರು ಯಾರು ಎಂದು ಯಾರಾದರೂ ಕೇಳುತ್ತಾರೆಯೇ?

ಬೆರಳು ಉಳಿಸಿಕೊಂಡವನಿಗೆ ಊರ ಉಪ್ಪಿನ ಕಣಜದ ಬೀಗದಕೈ. ಸಾಯುವ ತನಕ ಉಪ್ಪು ಅವನು ಅಳೆದದ್ದೇ ಅಳತೆ, ಸತ್ತ ಮೇಲೆ ಅವನ ಮನೆಯವರು ಅಳೆದದ್ದು. ವ್ಯಾಪಾರಿ ಕಾಳು ಕಡಿಯಲ್ಲಿ ತಲೆ ನರೆಸಿಕೊಂಡವನು. ಕಾಳಿಗೆ ಹುಳ ಹಿಡಿಯುತ್ತದೆ, ಬೆಲ್ಲಕ್ಕೆ ಇರುವೆ, ಎಣ್ಣೆ ಕನರುತ್ತದೆ. ಉಪ್ಪಿಗೆ ಏನೂ ಆಗುವುದಿಲ್ಲ, ಉಪ್ಪಿಲ್ಲದ ಮನೆಯೂ ಇಲ್ಲ. ಮನೆಯಲ್ಲಿದ್ದದ್ದು ಅವನು, ಅವನ ಮೊಮ್ಮಗಳು, ಇಬ್ಬರೇ. ತಾನು ಹೋದ ಮೇಲೆ ಕೂಸಿಗೆ ಕೆಡದ ಸರಕೊಂದು ಇರಲಿ ಎಂದು ಅವನ ಲೆಕ್ಕ. ಕೋಲು ಎತ್ತರಕ್ಕೆ ಕಟ್ಟಿಸಿದರೆ ಮುಗಿಯಿತು, ಇದರಲ್ಲಿ ಬೆರಳು ಹೋಗುವ ಮಾತೆಲ್ಲಿಂದ ಬಂತು ಎಂದು ಅವನ ಧೈರ್ಯ.

ಒಪ್ಪಿಕೊಂಡು ಬರುವಾಗ ಊರ ಬಾಗಿಲಲ್ಲಿ ಹಳೆಯ ಜಾಮೀನುದಾರ ಕೂತಿದ್ದ. ಅವನ ಎರಡೂ ಕೈ ಈಗ ಎರಡು ಸೌಟು. ಯಾರೋ ಬಾಯಿಗೆ ಹಾಕಿದ ಎಲೆಯಡಿಕೆ ಜಗಿಯುತ್ತಿದ್ದ.

"ಬನ್ನಿ ಸಾವ್ಕಾರ್ರೇ, ನಮ್ಮ ಸಾಲಿಗೆ," ಅಂದ.

"ನಿನ್ನ ಹಾಗೆ ಕೋಲು ಕೆಳಗೆ ಕಟ್ಟಿಸೋನಲ್ಲ ನಾನು."

"ಎಷ್ಟು ಕೆಳಗೆ ಕಟ್ಟಿಸಿದ್ದೆ ಅಂತ ನನಗೇ ನೆನಪಿಲ್ಲ ಬಿಡಿ. ಲೆಕ್ಕ ಹಾಕೋಕೆ ಬೆರಳಿದ್ರೆ ತಾನೇ? ಅದಕ್ಕೇ ನೋಡಿ, ನನಗೀಗ ಸಾಲಗಾರರೂ ಇಲ್ಲ." ಹಾಗಂದು ತಾನೇ ನಕ್ಕ. ನಗುವಾಗ ಎಲೆಯಡಿಕೆಯ ರಸ ಗದ್ದಕ್ಕಿಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದ, ಸೌಟು ಕಂಡು ಹಾಗೇ ಇಳಿಸಿದ.

ಮರುದಿನ ವ್ಯಾಪಾರಿ ಕಪ್ಪು ಡೇರೆಯೊಳಗೆ ಒಬ್ಬನೇ ಕೂತ. ಪರದೆಯವಳು ಸುರುಳಿ ಬಿಚ್ಚಿದಳು.

ಚಿತ್ರದಲ್ಲಿ ಒಂದು ಮನೆ. ಮನೆಯಲ್ಲಿ ಒಬ್ಬ ಹುಡುಗಿ. ಒಂದು ದಿನ ಅವಳ ಅಂಗೈ ನಡುವೆ ತುರಿಕೆ. ಕೆರೆದಳು. ಕೆರೆದ ಜಾಗ ಸೀಳಿತು. ಸೀಳು ತುಟಿಯಾಯಿತು. ತುಟಿಯೊಳಗೆ ಅಕ್ಕಿಕಾಳಿನಂಥ ಹಲ್ಲು ಮೂಡಿತು. ಅಂಗೈ ಬಾಯಿ ತೆರೆದು, "ಹಸಿವು," ಅಂದಿತು.

ಮನೆಯವರು ಅವಳ ಕೈಗೆ ಬಟ್ಟೆ ಸುತ್ತಿದರು. ಮೊಣಕೈಯಲ್ಲಿ ಇನ್ನೊಂದು ಬಾಯಿ ಬಂತು. ಮೊಣಕೈಗೆ ಸುತ್ತಿದರು. ಕತ್ತಿನಲ್ಲಿ ಬಂತು. ಸುತ್ತಿದಷ್ಟೂ ಬಂತು, ಬಂದಷ್ಟೂ ಸುತ್ತಿದರು. ಕೊನೆಗೆ ಹುಡುಗಿಯೇ ಕಾಣದೆ ಬಟ್ಟೆಯ ಗಂಟೊಂದು ಉಳಿಯಿತು. ಗಂಟನ್ನು ಕೋಣೆಗೆ ನೂಕಿ ಚಿಲಕ ಹಾಕಿದರು. ಆಗ ಬಟ್ಟೆಯ ಒಳಗಿಂದ ಬಾಯಿಗಳೆಲ್ಲ ಒಟ್ಟಿಗೆ ಕೂಗಿದವು: ಹಸಿವು, ಹಸಿವು, ಹಸಿವು.

ವ್ಯಾಪಾರಿ ಎದ್ದುನಿಂತ. ಅವನ ಎರಡೂ ಅಂಗೈ ಬೆವೆತಿದ್ದವು. ಬೆವರನ್ನು ನೋಡಲು ಧೈರ್ಯ ಬಾರದೆ ಪಂಚೆಗೆ ಒರೆಸಿಕೊಂಡ.

"ಕೂತ್ಕೊಳ್ಳಿ," ಅಂದಳು ಪರದೆಯವಳು. "ಕೊನೇದು ಇನ್ನೂ ಇದೆ."

"ಬೇಡಮ್ಮ. ಚೀಲಕ್ಕೆ ಕೊಳವೆ ಚುಚ್ತೀವಿ, ನಡುವಿನ ಕಾಳು ತೆಗೀತೀವಿ, ಹುಳ ಕಂಡರೆ ಚೀಲ ಪಕ್ಕಕ್ಕೆ. ಹುಳ ಕಂಡ ಮೇಲೂ ಪೂರ್ತಿ ಸುರಿದು ನೋಡೋನು ವ್ಯಾಪಾರಿಯಲ್ಲ."

"ಇದು ಕಾಳಲ್ಲ, ಸಾವ್ಕಾರ್ರೇ."

"ಎಲ್ಲಾ ಕಾಳೇ," ಅಂದು ಹೊರಗೆ ಬಂದ.

ಕೋಲನ್ನು ಊರಿನ ಅತಿ ಎತ್ತರದ ಹುಡುಗನ ನೆತ್ತಿಗಿಂತ ಒಂದು ಗೇಣು ಮೇಲೆ ಕಟ್ಟಿಸಿದ. ಕೆಲವು ಕುಳ್ಳ ಗಂಡಸರೂ ಹೊರಗುಳಿದರು. ಅವರ ಹೆಂಡತಿಯರು ಕೋಲಿಗೆ ಹಣೆ ತಾಗಿಸಿಕೊಂಡು ಒಳಗೆ ಹೋಗುವಾಗ, "ನೀವಿನ್ನೂ ಚಿಕ್ಕೋರು, ಜೋಪಾನ," ಎಂದು ಗಂಡಂದಿರ ಗಲ್ಲ ತಟ್ಟಿ ಹೋದರು. ಊರ ಯಜಮಾನ ವ್ಯಾಪಾರಿಯ ಬೆನ್ನು ತಟ್ಟಿದ. "ಒಂದು ಮಗೂನೂ ಒಳಗೆ ಬಿಡಲಿಲ್ಲ. ಜಾಮೀನು ಅಂದ್ರೆ ಹೀಗಿರಬೇಕು ನೋಡ್ರಯ್ಯ."

ಒಂದನ್ನು ಮಾತ್ರ ಯಾರೂ ಎಣಿಸಲಿಲ್ಲ. ಆ ಬಯಲಲ್ಲಿ ಒಂದು ಮರವಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ನೆರಳು ಅಂತ ಇದ್ದದ್ದು ಡೇರೆಯದೊಂದೇ. ಹೊರಗುಳಿದ ಮಕ್ಕಳು ಡೇರೆಯ ಸುತ್ತ, ಬಟ್ಟೆಗೆ ಬೆನ್ನು ಕೊಟ್ಟು ಸಾಲಾಗಿ ಕೂತವು. ಬಟ್ಟೆ ಕಣ್ಣನ್ನು ತಡೆಯುತ್ತದೆ, ಕಿವಿಯನ್ನು ತಡೆಯುವುದಿಲ್ಲ. ಕೆರೆಯುವ ಸದ್ದು ಕೇಳಿತು. ಸೀಳುವ ಸದ್ದು ಕೇಳಿತು. ಅಯ್ಯೋ, ಹುಡುಗಿಯ ಅಂಗೈಗೆ ಬಾಯಿ ಬಂತು, ಕೋಣೆಗೆ ನೂಕಿ ಎಂದು ಮನೆಯವರು ಕಿರುಚಿದ್ದು ಕೇಳಿತು. ಚಿಲಕದ ಸದ್ದು ಕೇಳಿತು. ಆಮೇಲೆ ಮಕ್ಕಳ ಬೆನ್ನ ಹಿಂದೆಯೇ, ಒಂದೊಂದು ಬೆನ್ನಿಗೂ ಒಂದೊಂದು ಬಾಯಿಯ ಹಾಗೆ, ಹಸಿವು ಹಸಿವು ಎಂಬ ಕೂಗು.

ಒಳಗಿದ್ದ ದೊಡ್ಡವರೂ ಅಲ್ಲಿಗೇ ಎದ್ದರು. ವ್ಯಾಪಾರಿ ಎದ್ದ ಜಾಗದಲ್ಲೇ ಊರೂ ಎದ್ದಿತು. ಬಾಗಿಲ ಬಟ್ಟೆ ಹರಿದುಕೊಂಡು ಬಂದು, ಸಿಕ್ಕ ಮಕ್ಕಳ ಕೈ ಹಿಡಿದೆಳೆದು, ತಿರುಗಿ ನೋಡದೆ ಮನೆ ಸೇರಿ ಚಿಲಕ ಹಾಕಿಕೊಂಡರು.

ಬೆಳಿಗ್ಗೆ ವ್ಯಾಪಾರಿ ಬಾಯಿ ಮುಕ್ಕಳಿಸಲು ನೀರು ತುಂಬಿಕೊಂಡಾಗ ಬೊಗಸೆ ಸೋರಿತು. ಎಡಗೈ ಕಿರುಬೆರಳು ಇರಲಿಲ್ಲ.

ಅವನು ಯಜಮಾನನ ಮನೆಗೆ ಓಡಿದ. "ಒಳಗೇ ಬಿಟ್ಟಿಲ್ಲ, ಹೆದರಿದ್ದು ಹೇಗೆ ಸ್ವಾಮಿ? ನೋಡದೇ ಇರೋ ಸರಕಿಗೆ ನಾನ್ಯಾಕೆ ದಂಡ ಕಟ್ಟಲಿ?"

ಯಜಮಾನ ಬೀದಿಯ ಕಡೆ ಕೈ ಮಾಡಿದ. ಬೀದಿಯಲ್ಲಿ ಮಕ್ಕಳು ಜಗಲಿಗಳ ಮೇಲೆ ಕೂತಿದ್ದವು. ಆಟವಿಲ್ಲ, ಗಲಾಟೆಯಿಲ್ಲ. ಎಲ್ಲ ಮಕ್ಕಳ ಎರಡೂ ಕೈ ಮುಷ್ಟಿ. ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಅದರ ಮೇಲೆ, ಬೀಗ ಹಾಕಿದ ಹಾಗೆ. ತಾಯಂದಿರು ತಟ್ಟೆ ಹಿಡಿದು ಬೇಡುತ್ತಿದ್ದರು. ಯಾವ ಮಗುವೂ ಅನ್ನ ಮುಟ್ಟಲಿಲ್ಲ. ದೊಡ್ಡ ಮಗು ಚಿಕ್ಕದಕ್ಕೆ ಪಿಸುಗುಟ್ಟಿತು: "ಮುಷ್ಟಿ ಬಿಡಬೇಡ. ಅದಕ್ಕೆ ಅನ್ನದ ವಾಸನೆ ಹೊಡೆದ್ರೆ ಎದ್ದುಬಿಡುತ್ತೆ."

ಮನೆಗೆ ಬಂದರೆ ಮೊಮ್ಮಗಳೂ ಹಾಗೆಯೇ ಕೂತಿದ್ದಳು.

ವ್ಯಾಪಾರಿ ಲೋಕ ಕಂಡವನು. ಮೊದಲು ಕೊಬ್ಬರಿ ಮಿಠಾಯಿ ತೋರಿಸಿದ. ಆಗಲಿಲ್ಲ. ಗದರಿಸಿದ. ಆಗಲಿಲ್ಲ. ಮಲಗಿದಾಗ ಮುಷ್ಟಿ ಬಿಡಿಸಲು ನೋಡಿದ. ನಿದ್ದೆಯಲ್ಲೂ ಆ ಪುಟ್ಟ ಬೆರಳುಗಳು ಕಬ್ಬಿಣವಾಗಿದ್ದವು. ಊರ ತಾಯಂದಿರು ಲೋಟದಿಂದ ಗಂಜಿ ಕುಡಿಸಿ ಮಕ್ಕಳ ಜೀವ ಹಿಡಿದಿದ್ದರು. ಅವನೂ ಹಾಗೇ ಮಾಡಿದ. ಒಂದು ಗುಟುಕು ಇಳಿದರೆ ಎರಡು ಗುಟುಕು ಗದ್ದದ ಮೇಲೆ. ಬೆಳಗಾದರೆ ಒಂದು ಬೆರಳು ಇಲ್ಲ. ಮತ್ತೆ ಬೆಳಗು, ಮತ್ತೊಂದು ಇಲ್ಲ. ಎಡಗೈ ನುಣ್ಣಗಾಗುತ್ತ ಬಂತು.

ಹೀಗಿರುವಾಗ ಒಂದು ಸಂಜೆ ಮೊಮ್ಮಗಳೇ ಬಾಯಿಬಿಟ್ಟಳು.

"ತಾತ, ಕೋಣೆಗೆ ಹಾಕಿದ ಮೇಲೆ ಆ ಹುಡುಗಿಗೆ ಏನಾಯ್ತು?"

ವ್ಯಾಪಾರಿ ಗಂಜಿಯ ಲೋಟ ಕೆಳಗಿಟ್ಟ. "ಏನಾಯ್ತು ಅಂದ್ರೆ... ಬಾಯಿಗಳೆಲ್ಲ ಮಾಯವಾದವು. ಹುಡುಗಿ ಮೊದಲಿನ ಹಾಗೇ ಆದಳು."

"ನೀನು ನೋಡಿದ್ಯಾ?"

ಮುಗ್ಗು ಬೇಳೆಯನ್ನು ಹೊಸ ಬೇಳೆ ಎಂದು ಆಣೆ ಹಾಕಿ ಮಾರಿದ ನಾಲಗೆ ಅದು. ತಡವರಿಸಲಿಲ್ಲ. "ನೋಡಿದೆ ಕಣಮ್ಮ."

ಮೊಮ್ಮಗಳು ಅವನ ಎಡಗೈಯನ್ನೇ ನೋಡಿದಳು. ಅಲ್ಲಿ ಹೆಬ್ಬೆರಳೊಂದು ಉಳಿದಿತ್ತು.

"ಸುಳ್ಳು. ನಿನ್ನ ಬೆರಳೂ ಮಾಯವಾದವಲ್ಲ, ಎಲ್ಲಿಗೆ ಹೋದವು ಗೊತ್ತಾ? ನಿನ್ನ ಅಂಗೈ ತಿಂದ್ಕೊಂಡಿತು. ಎಲ್ಲರಿಗೂ ಗೊತ್ತು. ನಾವು ದಿನಾ ಎಣಿಸ್ತೀವಿ."

ಆಗ ವ್ಯಾಪಾರಿಗೆ ನಿಜವಾಗಿ ಹೆದರಿಕೆಯಾಯಿತು. ಮಕ್ಕಳ ಭಯ ಅವನ ಬೆರಳು ತಿನ್ನುತ್ತಿತ್ತು, ತಿಂದ ಬೆರಳು ಮಕ್ಕಳ ಭಯಕ್ಕೆ ಮೇವಾಗುತ್ತಿತ್ತು. ಚಕ್ರಬಡ್ಡಿ. ಇಂಥ ಬಡ್ಡಿಯಲ್ಲಿ ಸಿಕ್ಕಿಕೊಂಡು ಎದ್ದವರನ್ನು ಅವನು ಕಂಡಿರಲಿಲ್ಲ. ಬೆಳಿಗ್ಗೆ ಎಡಗೈ ಪೂರ್ತಿ ಸೌಟಾಗಿತ್ತು. ಅದರ ಮರುದಿನ ಬಲಗೈ ಕಿರುಬೆರಳು ಹೋಯಿತು. ಅದೇ ದಿನ ಗಂಜಿಯೂ ಬೇಡವೆಂದು ಮೊಮ್ಮಗಳು ತುಟಿ ಬಿಗಿದಳು. ಅವಳ ಕೆನ್ನೆಯ ಮೂಳೆ ಕಾಣುತ್ತಿತ್ತು.

ಅವನು ಡೇರೆಗೆ ಹೋದ. ಪರದೆಯವಳು ಗೂಟ ಕೀಳುತ್ತಿದ್ದಳು.

"ಅಮ್ಮ, ಕೊನೇದರಲ್ಲಿ ಏನಿದೆ, ಬಾಯಲ್ಲಿ ಹೇಳಿಬಿಡು. ಹೋಗಿ ಕೂಸಿಗೆ ಹೇಳ್ತೀನಿ."

"ಬಾಯಲ್ಲಿ ಹೇಳೋ ಹಾಗಿದ್ರೆ ನಾನು ಇಷ್ಟು ದೊಡ್ಡ ಬಟ್ಟೆ ಹೊತ್ತು ಯಾಕೆ ತಿರುಗ್ತಿದ್ದೆ?" ಅವಳು ಗೂಟದ ಮಣ್ಣು ಕೆಡವಿದಳು. "ನೀವು ಹೇಳಿದ್ದನ್ನ ಅವಳು ನಂಬ್ತಾಳಾ?"

ವ್ಯಾಪಾರಿ ಬೋಳು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಹಾಗಾದ್ರೆ ಕೊನೇದಷ್ಟೇ ತೋರಿಸು."

"ನಡುವಿನಿಂದ ಬಿಚ್ಚೋಕೆ ಬರಲ್ಲ. ಮೊದಲಿಂದ ಕೂರಬೇಕು, ಕೊನೇವರೆಗೂ ಕೂರಬೇಕು."

"ನಡುವಿನದು ನೋಡಿ ಅವಳ ಎದೆ ಒಡೆದರೆ?"

"ಒಡೆದರೆ ಒಡೀತು," ಅಂದಳು ಪರದೆಯವಳು. ಅವಳ ದನಿಯಲ್ಲಿ ದಯೆಯೂ ಇರಲಿಲ್ಲ, ಕೇಡೂ ಇರಲಿಲ್ಲ. "ಕೂರಿಸೋದು ನಿಮ್ಮ ಜವಾಬ್ದಾರಿ. ತೋರಿಸೋದು ನಂದು."

ಸುದ್ದಿ ತಿಳಿದು ಯಜಮಾನ ಬಯಲಿಗೆ ಓಡಿಬಂದ. ಹಿಂದೆ ಅರ್ಧ ಊರು. "ಏನ್ರೀ ಸಾವ್ಕಾರ್ರೇ, ಬುದ್ಧಿ ನೆಟ್ಟಗಿದೆಯಾ? ಕೇಳಿದ್ದಕ್ಕೇ ಹೀಗಾಗಿದೆ, ನೋಡಿದ್ರೆ ಕೂಸು ಉಳಿಯುತ್ತಾ?"

"ಹುಳ ಬಿದ್ದ ಚೀಲಕ್ಕೆ ಗೋದಾಮಿನ ಬಾಗಿಲು ಹಾಕಿದೆ. ತಪ್ಪು ಮಾಡಿದೆ. ಬಾಗಿಲು ಹಾಕಿದ ಕೋಣೆಯಲ್ಲಿ ಹುಳಾನೇ ಬೆಳೆಯೋದು, ಕಾಳಲ್ಲ."

"ಕೋಲು ಇಳಿಸಿದ್ರೆ ಉಪ್ಪು ಕೈಬಿಟ್ಟಿತು ಅಂತ ತಿಳ್ಕೊಳ್ಳಿ. ಕಣಜದ ಹತ್ತಿರ ಕಾಲಿಡೋ ಹಾಗಿಲ್ಲ."

"ಬೀಗದಕೈ ಹಿಡಿಯೋಕಾದ್ರೂ ಬೆರಳು ಬೇಕಲ್ಲ ಸ್ವಾಮಿ," ಅಂದ ವ್ಯಾಪಾರಿ. ಉಳಿದ ನಾಲ್ಕು ಬೆರಳಿನಿಂದ ಹಗ್ಗ ಬಿಚ್ಚಿ, ಕೋಲನ್ನು ಮೊಮ್ಮಗಳ ಹಣೆಯ ಮಟ್ಟಕ್ಕೆ ಇಳಿಸಿ ಕಟ್ಟಿದ. ಗಂಟು ಹಾಕಲು ಹಲ್ಲು ಉಪಯೋಗಿಸಿದ.

ಮೊಮ್ಮಗಳನ್ನು ಎತ್ತಿಕೊಂಡು ಬಂದ. ಬಾಗಿಲಲ್ಲಿ ಅವಳು ಅವನ ಹೆಗಲಿಗೆ ಮುಖ ಒತ್ತಿದಳು. "ಬೇಡ ತಾತ. ಅಲ್ಲಿದೆ ಅದು."

"ಇದೆ. ನನಗೂ ಭಯವೇ. ನಾನು ಕೊನೇದು ನೋಡಿಲ್ಲ ಕಣಮ್ಮ. ಅವತ್ತು ಸುಳ್ಳು ಹೇಳಿದೆ. ಹೆದರಿ ಎದ್ದು ಬಂದಿದ್ದೆ."

ಅವಳು ಮುಖ ಎತ್ತಿ ಅವನನ್ನು ನೋಡಿದಳು. ಆಮೇಲೆ, "ಎದ್ದು ಹೋಗಬಾರದು ಮತ್ತೆ," ಅಂದಳು. ತಾನೇ ಇಳಿದು ಹೋಗಿ ಕೋಲಿಗೆ ಹಣೆ ತಾಗಿಸಿದಳು.

ಒಳಗೆ ಕತ್ತಲೆ. ಸುರುಳಿ ಬಿಚ್ಚಿತು. ತುರಿಕೆ ಬಂತು. ಸೀಳು ಬಂತು. ತುಟಿ ಬಂತು, ಹಲ್ಲು ಬಂತು. ಮೊಮ್ಮಗಳ ಮುಷ್ಟಿ ಅವನ ನಾಲ್ಕು ಬೆರಳೊಳಗೆ ಹಕ್ಕಿಮರಿಯ ಹಾಗೆ ಬಡಿದುಕೊಂಡಿತು. ಬಟ್ಟೆ ಸುತ್ತಿದರು. ಮತ್ತೆ ಸುತ್ತಿದರು. ಚಿಲಕ ಬಿತ್ತು. ಹಸಿವು, ಹಸಿವು, ಹಸಿವು. ಅವನ ಕಾಲುಗಳು ತಾವಾಗಿಯೇ ಏಳಲು ನೋಡಿದವು. ಪಕ್ಕದಲ್ಲಿ ಕೂಸು ಉಸಿರು ಹಿಡಿದು ಕೂತಿತ್ತು. ಅವನೂ ಕೂತ. ಬೆನ್ನ ಬೆವರು ಹರಿದು ಚಾಪೆ ತೊಯ್ದಿತು.

ಆಮೇಲಿನದಕ್ಕೆ ಸದ್ದಿರಲಿಲ್ಲ. ಹೊರಗೆ ಕೂತವರಿಗೆ ಅದು ಎಂದಿಗೂ ಕೇಳಿಸುತ್ತಿರಲಿಲ್ಲ.

ಚಿಲಕ ಮೆಲ್ಲಗೆ ಸರಿಯಿತು. ಹುಡುಗಿಯ ತಾಯಿ ಒಳಗೆ ಬಂದಳು. ಅವಳ ಕೈಯಲ್ಲಿ ಅನ್ನದ ತಪ್ಪಲೆ. ನೆಲದ ಮೇಲೆ ಕೂತು ಬಟ್ಟೆಯನ್ನು ಒಂದೊಂದು ಸುತ್ತಾಗಿ ಬಿಚ್ಚಿದಳು. ಎಲ್ಲೆಲ್ಲೂ ಬಾಯಿ. ತಾಯಿ ಕಣ್ಣು ಮುಚ್ಚಿದಳು. ತೆರೆದಳು. ಅನ್ನ ಕಲಸಿ ತುತ್ತು ಮಾಡಿ ಮೊದಲು ಮಗಳ ಬಾಯಿಗಿಟ್ಟಳು. ಇನ್ನೊಂದು ತುತ್ತು ಅಂಗೈಯ ಬಾಯಿಗೆ. ಇನ್ನೊಂದು ಮೊಣಕೈಗೆ. ಒಂದು ಬಾಯಿ ಅವಸರಕ್ಕೆ ಅವಳ ಬೆರಳು ಕಚ್ಚಿತು. ತಾಯಿ ಕೈ ಹಿಂದಕ್ಕೆಳೆದುಕೊಂಡಳು. ಉಫ್ ಎಂದು ಊದಿಕೊಂಡಳು. ಅದೇ ಬಾಯಿಗೆ ಇನ್ನೊಂದು ತುತ್ತು ಇಟ್ಟಳು. ಹೊತ್ತು ಮುಳುಗುವವರೆಗೂ ಇಟ್ಟಳು. ತಿಂದ ಬಾಯಿಗಳು ಒಂದೊಂದಾಗಿ ಮುಚ್ಚಿ ನಿದ್ದೆಹೋದವು. ಮಾಯವಾಗಲಿಲ್ಲ. ಮುಚ್ಚಿಕೊಂಡವು, ಅಷ್ಟೇ. ಪರದೆ ಬಿಳಿಯಾಯಿತು.

"ಅವು ಹೋಗಲಿಲ್ಲ," ಅಂದಳು ಮೊಮ್ಮಗಳು.

"ಇಲ್ಲ."

"ನಾಳೆ ಮತ್ತೆ ಹಸಿಯುತ್ತಲ್ವಾ?"

"ಹಸಿಯುತ್ತೆ."

"ಅವಳಮ್ಮ ನಾಳೇನೂ ಬರ್ತಾಳಾ?"

ವ್ಯಾಪಾರಿ ಈ ಸಲ ಆಣೆ ಹಾಕಲಿಲ್ಲ. "ಚಿತ್ರದಲ್ಲಿ ಅದಿಲ್ಲ," ಅಂದ.

ಮೊಮ್ಮಗಳು ತನ್ನ ಬಲಮುಷ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಬೆರಳು ಬಿಡಿಸಿದಳು. ಅಂಗೈಯಲ್ಲಿ ನಾಲ್ಕು ಕೆಂಪು ಗೀರು, ಉಗುರು ಊರಿ ಊರಿ ಆದವು, ಮುಚ್ಚಿದ ತುಟಿಗಳ ಹಾಗಿದ್ದವು. ಇಬ್ಬರೂ ಅವನ್ನು ನೋಡುತ್ತ ಕೂತರು. ಗೀರುಗಳು ತೆರೆಯಲಿಲ್ಲ.

"ತಾತ, ಹಸಿವು," ಎಂಬ ಸದ್ದಾಯಿತು. ಅದು ಅವಳ ಮುಖದಿಂದಲೇ ಬಂತೆಂದು ಖಾತ್ರಿಯಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು.

ಬೆಳಗಾದಾಗ ಬಲಗೈಯ ಉಂಗುರ ಬೆರಳೂ ಇರಲಿಲ್ಲ. ಊರಿನ ಉಳಿದ ಮಕ್ಕಳು ಇನ್ನೂ ಮುಷ್ಟಿ ಹಿಡಿದೇ ಇದ್ದವು. ಬಯ್ಯುತ್ತ ಬಂದ ಯಜಮಾನ ವ್ಯಾಪಾರಿಯ ಜಗಲಿಯ ಮುಂದೆ ನಿಂತುಬಿಟ್ಟ. ಮೊಮ್ಮಗಳು ಅಲ್ಲಿ ಕೂತು, ಎರಡೂ ಅಂಗೈಗೆ ಮೊಸರನ್ನ ಮೆತ್ತಿಕೊಂಡು ತಿನ್ನುತ್ತಿದ್ದಳು. ಯಜಮಾನನ ಹಿಂದೆಯೇ ಬಂದಿದ್ದ ಅವನ ಮಗ ಮುಷ್ಟಿ ಹಿಡಿದು ಅವಳನ್ನೇ ನೋಡಿದ.

"ಏ, ಅದು ಎದ್ದೇಳಲ್ವೇನೇ?"

"ಎದ್ರೆ ಒಂದು ತುತ್ತು ಕೊಡ್ತೀನಿ," ಅಂದಳು ಅವಳು, ಬೆರಳು ನೆಕ್ಕುತ್ತ. "ನಿನಗೆ ಗೊತ್ತಿಲ್ಲ. ನೀನು ಕೊನೇದು ನೋಡಿಲ್ಲ."

ಮಧ್ಯಾಹ್ನ ಡೇರೆಯ ಮುಂದೆ ತಾಯಂದಿರ ಸಾಲು. ವ್ಯಾಪಾರಿ ಹೊಸ ಕರಾರು ಹೇಳಿದ, ಒಂದೊಂದು ಮಾತನ್ನೂ ತೂಗಿ ಹೇಳಿದ. ಮಾತು ಬಾರದ ಕೂಸುಗಳನ್ನು ಹೊಳೆಯಾಚೆಯ ತೋಪಿಗೆ ಕರೆದುಕೊಂಡು ಹೋಗಿ. ಕಣ್ಣಿಗೂ ಬೇಡ, ಕಿವಿಗೂ ಬೇಡ. ಹಣೆ ತಾಗುವ ಮಕ್ಕಳು ಒಂಟಿಯಾಗಿ ಬರಬಾರದು, ಪಕ್ಕದಲ್ಲಿ ಕೈ ಹಿಡಿಯುವವರೊಬ್ಬರು ಇರಬೇಕು. ಡೇರೆಯ ನೆರಳಲ್ಲಿ ಯಾರೂ ಕೂರಬಾರದು. ಕೊನೆಯ ಮಾತು ದೊಡ್ಡವರಿಗೆ: ಕೂತವರು ನಡುವೆ ಏಳುವಂತಿಲ್ಲ. ಯಜಮಾನ ಮಗನ ಮುಷ್ಟಿ ಹಿಡಿದು, ಕೋಲಿಗೆ ಹಣೆ ತಾಗಿಸಲು ಬಗ್ಗಿ ಒಳಗೆ ಹೋದ.

ಮರುದಿನ ಬೆಳಿಗ್ಗೆ ವ್ಯಾಪಾರಿ ಕೈಯನ್ನು ಕಂಬಳಿಯೊಳಗೇ ಇಟ್ಟುಕೊಂಡು ಮಲಗಿದ್ದ. ಹೊರಗೆ ತೆಗೆಯಲು ಧೈರ್ಯವಾಗಲಿಲ್ಲ. ಮೊಮ್ಮಗಳು ಕಂಬಳಿ ಎಳೆದು, ಮುಟ್ಟಿ ಮುಟ್ಟಿ ಎಣಿಸಿದಳು. "ಮೂರು. ನಿನ್ನೆಯೂ ಮೂರೇ ಇತ್ತು."

ಅವನು ಎದ್ದು ಅನ್ನ ಕಲಸಿದ. ಹೆಬ್ಬೆರಳು, ತೋರುಬೆರಳು, ನಡುಬೆರಳು. ತುತ್ತು ಒಡೆಯಿತು, ಮತ್ತೆ ಉಂಡೆ ಮಾಡಿದ. ದಿನಗಟ್ಟಲೆ ಉಪವಾಸವಿದ್ದ ಕೂಸಿಗೆ ಇನ್ನೂ ಅವಸರ. ತುತ್ತಿನ ಜೊತೆಗೆ ಅವನ ತೋರುಬೆರಳನ್ನೂ ಕಚ್ಚಿದಳು. ಅವನು ಕೈ ಹಿಂದಕ್ಕೆಳೆದುಕೊಂಡ. ಉಫ್ ಎಂದು ಊದಿಕೊಂಡ. ಇನ್ನೊಂದು ತುತ್ತು ಇಟ್ಟ.

ಪರದೆಯವಳ ಗಾಡಿ ಊರು ದಾಟುವುದನ್ನು ನೋಡಿ ಬರಲು ಹೋದಾಗ ಊರ ಬಾಗಿಲಲ್ಲಿ ಹಳೆಯ ಜಾಮೀನುದಾರ ಕೇಳಿದ, "ಹೇಗೆ ಸಾವ್ಕಾರ್ರೇ, ಗಿಟ್ಟಿತಾ ವ್ಯಾಪಾರ?"

ವ್ಯಾಪಾರಿ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ ಅವನ ಬಾಯಿಗೆ ಹಾಕಿದ. ಗದ್ದಕ್ಕಿಳಿದ ರಸವನ್ನು ಹೆಗಲ ವಸ್ತ್ರದಿಂದ ಒರೆಸಿದ. ಪಕ್ಕದಲ್ಲಿ ಕೂತು ಲೆಕ್ಕ ಒಪ್ಪಿಸಿದ.

"ಹೋದದ್ದು ಏಳು ಬೆರಳು, ಉಪ್ಪು ಪೂರ್ತಿ. ಉಳಿದದ್ದು ಮೂರು ಬೆರಳು. ತುತ್ತು ಕಲಸೋಕೆ ಸಾಕು, ತಕ್ಕಡಿ ಹಿಡಿಯೋಕೆ ಸಾಲದು."

"ಲಾಭ?"

ವ್ಯಾಪಾರಿ ತೋರುಬೆರಳನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತೋರಿಸಿದ. ಅಕ್ಕಿಕಾಳಿನಂಥ ಹಲ್ಲಿನ ಗುರುತು, ಮೇಲೆ ನಾಲ್ಕು, ಕೆಳಗೆ ನಾಲ್ಕು.